ಹೊಸ ಫೋರ್ ವೀಲ್ ಡ್ರೈವ್ ಪಿಕಪ್ ಬಂತು: ಪ್ರವಾಸಕ್ಕೆ, ಕ್ಯಾಂಪಿಂಗ್‌ಗೆ ಸಜ್ಜು ಮಾಡುವ ಕ್ರಮ

"ವಿ-ಕ್ರಾಸ್ ಬುಕ್ ಮಾಡಿದ್ದೇನೆ, ಮೊದಲು ಏನು ಹಾಕಿಸಲಿ?" "ಹೈಲಕ್ಸ್ ಬಂತು, ಮೇಲೆ ಹಾಕೋ ಟೆಂಟ್ ಯಾವುದು ಒಳ್ಳೇದು?" ಇಸುಜು ವಿ-ಕ್ರಾಸ್, ಟೊಯೊಟಾ ಹೈಲಕ್ಸ್ ಪಿಕಪ್ ಕೊಂಡವರಿಂದ ಈ ಪ್ರಶ್ನೆಗಳು ಪದೇ ಪದೇ ಬರುತ್ತಿವೆ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುವ ಬದಲು ಎಲ್ಲವನ್ನೂ ಇಲ್ಲೇ ಬರೆದಿಡುತ್ತಿದ್ದೇನೆ.

ಮೊದಲ ಉತ್ತರ ಕೆಲವರಿಗೆ ಇಷ್ಟವಾಗಲಿಕ್ಕಿಲ್ಲ. ಮೊದಲು ಏನೂ ಹಾಕಿಸಬೇಡಿ. ಪಿಕಪ್ ಹಿಂದೆ ಅಷ್ಟು ದೊಡ್ಡ ತೊಟ್ಟಿ ಇದೆ, ಎಷ್ಟು ಬೇಕಾದರೂ ತುಂಬಬಹುದು ಅಂತ ಅನಿಸುತ್ತದೆ. ಆದರೆ ಜಾಗ ಮುಗಿಯುವ ಮೊದಲೇ ತೂಕದ ಮಿತಿ ಮುಗಿಯುತ್ತದೆ. ಹಣದ ಬಜೆಟ್ ತಪ್ಪಿದರೆ ಮುಂದಿನ ತಿಂಗಳು ಸರಿಮಾಡಿಕೊಳ್ಳಬಹುದು. ತೂಕದ ಬಜೆಟ್ ತಪ್ಪಿದರೆ ಬ್ರೇಕ್, ಟೈರು, ಕಮಾನ್ ಪಟ್ಟಿ ಎಲ್ಲದಕ್ಕೂ ಹೊರೆ. ಕೆಳಗಿನ ಪ್ರತಿ ಹಂತದಲ್ಲೂ ಕಿಲೋ ಲೆಕ್ಕ ಬರುವುದು ಇದಕ್ಕೇ.

1. ಆರ್‌ಸಿ ನೋಡಿ, ತೂಕದ ಲೆಕ್ಕ ಬರೆದಿಡಿ

ಆರ್‌ಸಿಯಲ್ಲಿ ಎರಡು ಅಂಕಿ ಇರುತ್ತವೆ. ಒಂದು ಖಾಲಿ ಗಾಡಿಯ ತೂಕ. ಇನ್ನೊಂದು ಜಿವಿಡಬ್ಲ್ಯು, ಅಂದರೆ ಜನ, ಸಾಮಾನು, ಡೀಸೆಲ್ ಎಲ್ಲ ಸೇರಿ ಗಾಡಿ ಇರಬಹುದಾದ ಗರಿಷ್ಠ ತೂಕ. ಎರಡನೆಯದರಿಂದ ಮೊದಲನೆಯದನ್ನು ಕಳೆಯಿರಿ. ಉಳಿದಿದ್ದೇ ನಿಮ್ಮ ಪೇಲೋಡ್. ಇದರಲ್ಲಿ ನೀವೂ ಸೇರಿದ್ದೀರಿ, ಮರೀಬೇಡಿ.

ಸಾಮಾನ್ಯವಾಗಿ ಜನ ಕೇಳುವ ಪಟ್ಟಿಯನ್ನೇ ತೂಗಿ ನೋಡೋಣ. ಇಬ್ಬರು ದೊಡ್ಡವರು 150 ಕೆಜಿ. ಫೈಬರ್ ಕ್ಯಾನಪಿ, ಅಂದರೆ ತೊಟ್ಟಿಯ ಮೇಲೆ ಕೂರಿಸುವ ಎತ್ತರದ ಮುಚ್ಚಳ, 60. ಪ್ಲೈವುಡ್ ಡ್ರಾಯರ್ ಸೆಟ್ 50. ರ‍್ಯಾಕ್ 25, ಅದರ ಮೇಲೆ ಟೆಂಟ್ 60. ಫ್ರಿಜ್ ಮತ್ತು ಅದರೊಳಗಿನ ಆಹಾರ 33. ಎರಡನೇ ಬ್ಯಾಟರಿ 13. ನೀರು 40 ಲೀಟರ್, ಅಂದರೆ 40 ಕೆಜಿ. ಕೆಸರಿನಿಂದ ಎಳೆಯುವ ಸಾಮಗ್ರಿ 20. ಅಡುಗೆ ಸಾಮಾನು, ಕುರ್ಚಿ 25. ಬಟ್ಟೆ ಬರೆ 20. ಒಟ್ಟು ಸುಮಾರು 500 ಕೆಜಿ ಆಯ್ತು. ಇನ್ನೂ ಮಕ್ಕಳನ್ನು ಹತ್ತಿಸಿಲ್ಲ.

ಈಗ ಆರ್‌ಸಿಯ ಅಂಕಿ ಪಕ್ಕದಲ್ಲಿಟ್ಟು ನೋಡಿ. ತುಂಬಾ ಜನರ ಕನಸಿನ ಪಟ್ಟಿ ಇಲ್ಲೇ ಅರ್ಧಕ್ಕೆ ಇಳಿಯುತ್ತದೆ. ಇಳಿಯಲಿ. ಸಾಮಾನು ಕೊಂಡ ಮೇಲೆ ಇಳಿಸುವುದಕ್ಕಿಂತ ಕಾಗದದ ಮೇಲೆ ಇಳಿಸುವುದು ವಾಸಿ.

ಎಚ್ಚರಿಕೆ: "ಹಿಂದೆ ಗಟ್ಟಿ ಕಮಾನ್ ಪಟ್ಟಿ ಹಾಕಿಸಿದರೆ ಜಾಸ್ತಿ ಹೊರುತ್ತೆ ಸಾರ್" ಅಂತ ಗ್ಯಾರೇಜಿನಲ್ಲಿ ಹೇಳುತ್ತಾರೆ. ಗಾಡಿ ಹಿಂದೆ ಕುಸಿಯುವುದು ನಿಲ್ಲಬಹುದು. ಆದರೆ ಜಿವಿಡಬ್ಲ್ಯು ಒಂದು ಕಿಲೋ ಕೂಡ ಹೆಚ್ಚಾಗುವುದಿಲ್ಲ. ಬ್ರೇಕು, ಆಕ್ಸಲ್, ಚಾಸಿಸ್ ಹಳೆಯವೇ ಇರುತ್ತವೆ.

2. ಕಾನೂನು ತಿಳಿದುಕೊಂಡು ಪಟ್ಟಿ ಮಾಡಿ

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ತಯಾರಕರು ನಮೂದಿಸಿದ ವಿವರಗಳಿಗಿಂತ ಗಾಡಿ ಬೇರೆಯಾಗುವಂತೆ ಬದಲಾವಣೆ ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಖಚಿತಪಡಿಸಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಪ್ರಕಾರ, ಅನುಮತಿ ಇಲ್ಲದ ಪ್ರತಿಯೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು.

ಮುಂದಿನ ಬಂಪರಿಗೆ ಹಾಕುವ ಕಬ್ಬಿಣದ ಬುಲ್ ಬಾರ್ ವಿಷಯ ಇನ್ನೂ ಸ್ಪಷ್ಟ. 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಇವುಗಳ ಮೇಲೆ ಕ್ರಮ ಕೈಗೊಳ್ಳಲು ರಾಜ್ಯಗಳಿಗೆ ಬರೆಯಿತು. ಇದು ಬರೀ ದಂಡದ ಮಾತಲ್ಲ. ಡಿಕ್ಕಿಯ ಹೊಡೆತವನ್ನು ಬುಲ್ ಬಾರ್ ನೇರ ಚಾಸಿಸ್‌ಗೆ ದಾಟಿಸುತ್ತದೆ, ಏರ್‌ಬ್ಯಾಗ್ ಸೆನ್ಸರ್‌ನ ಲೆಕ್ಕ ತಪ್ಪಿಸಬಹುದು. ಎದುರಿಗೆ ನಡೆದುಹೋಗುವವರಿಗಂತೂ ಅದು ಮಾರಕ. ದಯವಿಟ್ಟು ಹಾಕಿಸಬೇಡಿ.

ಕಣ್ಣು ಕುಕ್ಕುವ ಎಲ್ಇಡಿ ಲೈಟುಗಳೂ ಹಾಗೇ. 2024ರ ಜುಲೈನಲ್ಲಿ ನಮ್ಮ ರಾಜ್ಯದ ಪೊಲೀಸರು ಇವುಗಳ ವಿರುದ್ಧ ವಿಶೇಷ ಕಾರ್ಯಾಚರಣೆಯನ್ನೇ ಮಾಡಿದರು.

ನನ್ನ ಸಲಹೆ ಇಷ್ಟು: ಏನು ಹಾಕಿದರೂ ಬೋಲ್ಟ್ ಬಿಚ್ಚಿ ತೆಗೆಯುವಂತಿರಲಿ. ಚಾಸಿಸ್‌ಗೆ ವೆಲ್ಡಿಂಗ್ ಬೇಡ, ತೂತು ಬೇಡ. ಕಂಪನಿಯ ಆಕ್ಸೆಸರಿ ಪಟ್ಟಿಯಲ್ಲಿ ಇರುವುದನ್ನು ಮೊದಲು ನೋಡಿ, ಬಿಲ್ ಇಟ್ಟುಕೊಳ್ಳಿ. ಕ್ಯಾನಪಿಯಂಥ ದೊಡ್ಡ ಸಾಮಾನು ಕೂರಿಸುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ, ಇನ್ಶೂರೆನ್ಸ್ ಕಂಪನಿಗೆ ಬರಹದಲ್ಲಿ ತಿಳಿಸಿ.

3. ಖಾಲಿ ಗಾಡಿ ಓಡಿಸಿ, ಫೋರ್ ವೀಲ್ ಕಲಿಯಿರಿ

ಮೊದಲ ಕೆಲವು ತಿಂಗಳು ಕಂಪನಿಯಿಂದ ಬಂದ ಹಾಗೇ ಓಡಿಸಿ. ಸಾಧಾರಣ ನೆಲದ ಟೆಂಟ್, ಎರಡು ಪ್ಲಾಸ್ಟಿಕ್ ಬಾಕ್ಸ್, ಮೇಲೊಂದು ಟಾರ್ಪಾಲು ಇಟ್ಟುಕೊಂಡು ಹೋಗಿಬನ್ನಿ. ನಿಮಗೆ ನಿಜವಾಗಿ ಏನು ಬೇಕು ಅನ್ನೋದು ಆಗ ತಾನಾಗೇ ಗೊತ್ತಾಗುತ್ತದೆ.

ಈ ಹೊತ್ತಿನಲ್ಲಿ ಕಲಿಯಬೇಕಾದ್ದು ಫೋರ್ ವೀಲ್ ನಾಬ್. ವಿ-ಕ್ರಾಸ್ ಮತ್ತು ಹೈಲಕ್ಸ್ ಎರಡರಲ್ಲೂ ಇರುವುದು ಪಾರ್ಟ್ ಟೈಮ್ ವ್ಯವಸ್ಥೆ. 2ಎಚ್ ಅಂದರೆ ಹಿಂದಿನ ಗಾಲಿಗಳಿಗೆ ಮಾತ್ರ ಶಕ್ತಿ. 4ಎಚ್‌ಗೆ ಹಾಕಿದರೆ ಮುಂದಿನ ಹಿಂದಿನ ಶಾಫ್ಟ್‌ಗಳು ಒಂದೇ ವೇಗಕ್ಕೆ ಕಟ್ಟಿಕೊಳ್ಳುತ್ತವೆ. 4ಎಲ್ ಅಂದರೆ ಅದೇ ವ್ಯವಸ್ಥೆಗೆ ಇನ್ನೂ ನಿಧಾನದ, ಜಾಸ್ತಿ ಬಲದ ಗೇರು.

ಇಲ್ಲಿ ದೊಡ್ಡ ತಪ್ಪು ಒಣ ಟಾರ್ ರಸ್ತೆಯಲ್ಲಿ 4ಎಚ್ ಹಾಕುವುದು. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ಜಾಸ್ತಿ ದೂರ ಉರುಳಬೇಕು. ಮಣ್ಣಿನಲ್ಲಿ ಗಾಲಿ ಸ್ವಲ್ಪ ಜಾರಿ ಆ ವ್ಯತ್ಯಾಸ ಹೊಂದಿಸಿಕೊಳ್ಳುತ್ತದೆ. ಟಾರಿನಲ್ಲಿ ಜಾರಲು ದಾರಿಯಿಲ್ಲ. ಆ ಬಿಗಿತವೆಲ್ಲ ಶಾಫ್ಟ್ ಮತ್ತು ಗೇರ್‌ಗಳ ಮೇಲೆ ಕೂರುತ್ತದೆ. ಸ್ಟೇರಿಂಗ್ ಬಿಗಿಯಾಗಿ ಗಾಡಿ ಮುಗ್ಗರಿಸಿದ ಹಾಗೆ ಅನಿಸಿದರೆ ಕೂಡಲೇ 2ಎಚ್‌ಗೆ ಬನ್ನಿ. 4ಎಲ್‌ಗೆ ಹೋಗುವಾಗ ಗಾಡಿ ನಿಲ್ಲಿಸಿ, ಗೇರ್ ನ್ಯೂಟ್ರಲ್‌ಗೆ ತಂದು ಹಾಕಿ. ಪ್ರವಾಸ ಇಲ್ಲದಿದ್ದರೂ ತಿಂಗಳಿಗೊಮ್ಮೆ ಮಣ್ಣು ರಸ್ತೆಯಲ್ಲಿ ಸ್ವಲ್ಪ ದೂರ 4ಎಚ್‌ನಲ್ಲಿ ಓಡಿಸಿ, ಒಳಗಿನ ಭಾಗಗಳಿಗೆ ಎಣ್ಣೆ ಹರಿಯಲಿ.

4. ಟೈರ್ ಮತ್ತು ಗಾಳಿ

ಮೊದಲ ಖರ್ಚು ಮಾಡುವುದಾದರೆ ಇಲ್ಲಿ ಮಾಡಿ. ಕಂಪನಿ ಕೊಡುವ ಎಚ್‌ಟಿ ಟೈರು ಹೆದ್ದಾರಿಗೆ ಹೇಳಿ ಮಾಡಿಸಿದ್ದು. ಎಟಿ, ಅಂದರೆ ಆಲ್ ಟೆರೇನ್ ಟೈರಿನ ಪಕ್ಕದ ಗೋಡೆ ಗಟ್ಟಿ, ಹಲ್ಲು ಆಳ. ಮಲೆನಾಡಿನ ಜಲ್ಲಿ ರಸ್ತೆ, ಎಸ್ಟೇಟ್ ದಾರಿಗಳಿಗೆ ಇದು ಸಾಕು. ಮಡ್ ಟೆರೇನ್ ಟೈರು ನೋಡಲು ಚೆನ್ನ, ಆದರೆ ಮಳೆಯಲ್ಲಿ ಒದ್ದೆ ಟಾರಿನ ಮೇಲೆ ಹಿಡಿತ ಕಡಿಮೆ, ಸದ್ದು ಜಾಸ್ತಿ. ನಾವು ಓಡಿಸುವ ಹಾದಿಯಲ್ಲಿ ಮುಕ್ಕಾಲು ಪಾಲು ಟಾರೇ ಅಲ್ವಾ?

ಅಳತೆ ಬದಲಿಸಬೇಡಿ, ಕಂಪನಿ ಹೇಳಿದ್ದೇ ಇರಲಿ. ಅಳತೆಯ ಪಕ್ಕದಲ್ಲಿರುವ ಲೋಡ್ ಇಂಡೆಕ್ಸ್ ನೋಡಿ. 110 ಅಂತಿದ್ದರೆ ಆ ಟೈರು 1,060 ಕೆಜಿ ಹೊರುತ್ತದೆ, 112 ಅಂದರೆ 1,120 ಕೆಜಿ. ಹಳೆಯದಕ್ಕಿಂತ ಕಡಿಮೆ ಅಂಕಿ ಇರುವುದನ್ನು ಅಂಗಡಿಯವರು ಎಷ್ಟೇ ಹೊಗಳಿದರೂ ತಗೋಬೇಡಿ.

ಟೈರಿನ ಜೊತೆಗೇ 12 ವೋಲ್ಟ್ ಕಂಪ್ರೆಸರ್ ಮತ್ತು ಒಂದು ಒಳ್ಳೆಯ ಗೇಜ್ ಕೊಳ್ಳಿ. ಗಾಳಿ ಇಳಿಸಿದರೆ ಟೈರು ಉದ್ದಕ್ಕೆ ಹರಡಿ ನೆಲವನ್ನು ಜಾಸ್ತಿ ಹಿಡಿಯುತ್ತದೆ. ಕಲ್ಲು ದಾರಿಗೆ 24–26 ಪಿಎಸ್ಐ, ಮರಳಿಗೆ 18ರ ಆಸುಪಾಸು ಒಂದು ಒಳ್ಳೆಯ ಆರಂಭ. ಇಳಿಸಿದ ಮೇಲೆ ವೇಗ 30–40 ದಾಟಬೇಡಿ, ಸ್ಟೇರಿಂಗ್ ಒಮ್ಮೆಲೇ ತಿರುಗಿಸಬೇಡಿ, ಟೈರು ರಿಮ್ಮಿನಿಂದ ಕಳಚಿಕೊಳ್ಳಬಹುದು. ಟಾರ್ ಸಿಕ್ಕ ಕೂಡಲೇ ಮತ್ತೆ ಗಾಳಿ ತುಂಬಿ. ಇದನ್ನು ನಾಳೆಗೆ ಬಿಟ್ಟರೆ ಟೈರು ಬಿಸಿಯಾಗಿ ಹೆದ್ದಾರಿಯಲ್ಲಿ ಸಿಡಿಯಬಹುದು.

ವಿಜಯಪುರ, ಗದಗ, ಕಲಬುರಗಿ ಕಡೆಯ ಎರೆ ಮಣ್ಣಿನ ಬಗ್ಗೆ ಬೇರೆಯೇ ಮಾತು ಹೇಳಬೇಕು. ಒಣಗಿದಾಗ ಅದು ಸಿಮೆಂಟಿನಷ್ಟು ಗಟ್ಟಿ. ಒಂದು ಮಳೆ ಬಿದ್ದರೆ ಟೈರಿನ ಹಲ್ಲುಗಳ ನಡುವೆ ಮೆತ್ತಿಕೊಂಡು, ನಾಲ್ಕು ಸುತ್ತಿನಲ್ಲಿ ಟೈರನ್ನೇ ನುಣ್ಣಗೆ ಮಾಡಿಬಿಡುತ್ತದೆ. ಮಡ್‌ಗಾರ್ಡ್ ಒಳಗೆಲ್ಲ ತುಂಬಿ ಗಾಲಿ ತಿರುಗುವುದೇ ಕಷ್ಟವಾಗುತ್ತದೆ. ಯಾವ ಟೈರೂ ಇದನ್ನು ಪೂರ್ತಿ ಗೆಲ್ಲುವುದಿಲ್ಲ. ಹೊಲದ ದಾರಿಯಲ್ಲಿ ಕ್ಯಾಂಪ್ ಹಾಕಿದ್ದು ರಾತ್ರಿ ಮೋಡ ಕಟ್ಟಿದರೆ, ಮಳೆಗೆ ಮುಂಚೆಯೇ ಡಾಂಬರು ರಸ್ತೆಯ ಪಕ್ಕಕ್ಕೆ ಬಂದುಬಿಡಿ. ಮಳೆ ಬಂದ ಮೇಲೆ ಒಂದೆರಡು ದಿನ ಬಿಸಿಲು ಕಾಯುವುದೊಂದೇ ದಾರಿ.

5. ಸಿಕ್ಕಿಬಿದ್ದಾಗ ಹೊರಬರುವ ಸಾಮಗ್ರಿ

ಮೊದಲು ಒಂದು ಸಲಿಕೆ, ಎರಡು ಟ್ರ್ಯಾಕ್ಷನ್ ಬೋರ್ಡು. ಬೋರ್ಡು ಅಂದರೆ ಗಾಲಿಯ ಕೆಳಗೆ ತುರುಕುವ ಹಲ್ಲಿರುವ ಪ್ಲಾಸ್ಟಿಕ್ ಹಲಗೆ. ಒಬ್ಬರೇ ಇದ್ದರೂ ಅಪಾಯವಿಲ್ಲದೆ ಬಳಸಬಹುದು. ಸಾಕಷ್ಟು ಸಂದರ್ಭದಲ್ಲಿ ಗಾಲಿ ಮುಂದಿನ ಮಣ್ಣು ತೆಗೆದು, ಗಾಳಿ ಇಳಿಸಿ, ಬೋರ್ಡು ಇಟ್ಟರೆ ಕೆಲಸ ಆಗಿಹೋಗುತ್ತದೆ.

ಆಮೇಲೆ ಕೈನೆಟಿಕ್ ಹಗ್ಗ. ಇದು ರಬ್ಬರಿನ ಹಾಗೆ 30% ತನಕ ಹಿಗ್ಗಿ, ಆ ಸೆಳೆತದಿಂದ ಸಿಕ್ಕಿಕೊಂಡ ಗಾಡಿಯನ್ನು ಕೀಳುತ್ತದೆ. ಜೊತೆಗೆ ತೂಕದ ಗುರುತು ಕೆತ್ತಿರುವ 4.75 ಟನ್ನಿನ ಶ್ಯಾಕಲ್ (ಹಗ್ಗವನ್ನು ಗಾಡಿಗೆ ಸಿಕ್ಕಿಸುವ ಕಬ್ಬಿಣದ ಕೊಂಡಿ) ಎರಡು, ಇಲ್ಲವೇ ಹಗ್ಗದಿಂದಲೇ ಮಾಡಿದ ಸಾಫ್ಟ್ ಶ್ಯಾಕಲ್.

ಈ ಹಂತದಲ್ಲಿ ಜೀವ ಹೋಗುವ ತಪ್ಪುಗಳಿವೆ, ಅದಕ್ಕೇ ನಿಧಾನವಾಗಿ ಓದಿ. ಟೋ ಬಾಲ್‌ಗೆ, ಅಂದರೆ ಟ್ರೈಲರ್ ಸಿಕ್ಕಿಸುವ ಕಬ್ಬಿಣದ ಗುಂಡಿಗೆ ಹಗ್ಗ ಕಟ್ಟಬೇಡಿ. ಅದು ಕಿತ್ತುಬಂದರೆ ತೋಪಿನ ಗುಂಡೇ. ಗಾಡಿಯ ಕೆಳಗಿರುವ ತೆಳ್ಳನೆಯ ಕೊಂಡಿಗಳು ಸಾಗಣೆಯಲ್ಲಿ ಕಟ್ಟಿಹಾಕಲು ಇರುವಂಥವು, ಎಳೆಯಲು ಅಲ್ಲ. ಎಳೆಯುವ ಜಾಗ ಯಾವುದು ಅನ್ನೋದು ಮ್ಯಾನ್ಯುಯಲ್‌ನಲ್ಲಿದೆ. ಹಗ್ಗದ ಮಧ್ಯೆ ದಪ್ಪ ಕಂಬಳಿ ಹಾಕಿ. ನೋಡುತ್ತಾ ನಿಲ್ಲುವವರೆಲ್ಲ ಹಗ್ಗದ ಉದ್ದದ ಒಂದೂವರೆ ಪಟ್ಟು ದೂರ ಇರಲಿ. ಹಳ್ಳಿಯಲ್ಲಿ ಗಾಡಿ ಸಿಕ್ಕಿಕೊಂಡರೆ ಹತ್ತು ಹುಡುಗರು ಸಹಾಯಕ್ಕೆ ಓಡಿಬರುತ್ತಾರೆ. ಅವರನ್ನು ದೂರ ನಿಲ್ಲಿಸುವ ಹೊಣೆ ನಿಮ್ಮದು.

ವಿಂಚ್, ಅಂದರೆ ಹಗ್ಗ ಸುತ್ತಿಕೊಂಡು ಗಾಡಿಯನ್ನು ಎಳೆಯುವ ಮೋಟಾರು, ಬೇಕಾ? ವಿಂಚಿಗೆ 30 ಕೆಜಿ, ಅದನ್ನು ಕೂರಿಸುವ ಬಂಪರಿಗೆ ಇನ್ನಷ್ಟು, ಮೇಲೆ ಕಾನೂನಿನ ತೊಡಕು. ಪ್ರವಾಸದ ಗಾಡಿಗೆ ಬೇಡ ಅಂತಲೇ ಹೇಳುತ್ತೇನೆ. ಆ ದುಡ್ಡಿನಲ್ಲಿ ಜೊತೆಗೆ ಇನ್ನೊಂದು ಗಾಡಿಯವರನ್ನು ಕರೆದುಕೊಂಡು ಹೋಗಬಹುದು.

6. ಹಿಂದಿನ ತೊಟ್ಟಿ: ಮುಚ್ಚುವುದು, ಜೋಡಿಸುವುದು

ಈ ಪಿಕಪ್‌ಗಳ ತೊಟ್ಟಿ ಸುಮಾರು ಒಂದೂವರೆ ಮೀಟರ್ ಉದ್ದ. ಒಳಗೆ ಕಾಲು ಚಾಚಿ ಮಲಗಲು ಆಗುವುದಿಲ್ಲ. ಹಿಂದಿನ ಬಾಗಿಲು ಇಳಿಸಿದರೆ ಎರಡು ಮೀಟರ್ ಹತ್ತಿರ ಬರುತ್ತದೆ, ಆಗ ಟೆಂಟ್ ಬಟ್ಟೆಯಿಂದ ಆ ಭಾಗ ಮುಚ್ಚಿಕೊಂಡು ಮಲಗಬಹುದು. ಇದು ಗೊತ್ತಿಲ್ಲದೆ ಕ್ಯಾನಪಿ ಕೊಂಡು ಪೇಚಾಡುವವರು ಜಾಸ್ತಿ.

ಮುಚ್ಚಳಕ್ಕೆ ಮೂರು ದಾರಿ: ಮಡಚುವ ಕವರ್, ಉರುಳಿಸಿ ಮುಚ್ಚುವ ಶಟರ್, ಎತ್ತರದ ಕ್ಯಾನಪಿ. ಮಳೆಗಾಲದಲ್ಲಿ ಮಲೆನಾಡಿಗೆ ಹೋಗುವವರಿಗೆ ಕ್ಯಾನಪಿ, ಉಳಿದವರಿಗೆ ಮಡಚುವ ಕವರ್ ಸಾಕು.

ಯಾವುದೇ ಹಾಕಿದರೂ ಧೂಳಿನ ಸಮಸ್ಯೆ ಬರುತ್ತದೆ. ಗಾಡಿ ಓಡುವಾಗ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ, ಧೂಳು ಸುತ್ತಿ ಬಂದು ಹಿಂದಿನ ಬಾಗಿಲಿನ ಸಂದಿಯಿಂದ ಒಳಗೆ ನುಗ್ಗುತ್ತದೆ. ಬಾಗಿಲು ಮುಚ್ಚಿದಾಗ ಕೆಳಗಿನ ಕೀಲಿನ ಹತ್ತಿರ ಬೆರಳು ಹೋಗುವಷ್ಟು ಸಂದಿ ಇರುತ್ತದೆ, ಬಗ್ಗಿ ನೋಡಿ. ಒಬ್ಬರನ್ನು ಒಳಗೆ ಕೂರಿಸಿ, ನೀವು ಹೊರಗಿನಿಂದ ಟಾರ್ಚ್ ಬಿಟ್ಟು ಸುತ್ತ ಬನ್ನಿ. ಬೆಳಕು ಬಂದ ಕಡೆಯೆಲ್ಲ ಒಳಗಿನವರು ಸೀಮೆಸುಣ್ಣದಲ್ಲಿ ಗುರುತು ಮಾಡಲಿ. ಅಲ್ಲಿಗೆಲ್ಲ ಬೀಡಿಂಗ್ ರಬ್ಬರ್ ಅಂಟಿಸಿ. ಬೆಂಗಳೂರಿನವರಿಗೆ ಜೆ.ಸಿ. ರೋಡಿನಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ.

ಡ್ರಾಯರ್ ಮೊದಲ ವರ್ಷ ಬೇಡ. ಮುಚ್ಚಳ ಗಟ್ಟಿ ಇರುವ ಬಾಕ್ಸುಗಳೇ ಹಗುರ, ಮನೆಗೆ ಎತ್ತಿಕೊಂಡು ಹೋಗಲೂ ಸುಲಭ. ಭಾರದ್ದೆಲ್ಲ ಕ್ಯಾಬಿನ್‌ಗೆ ಒತ್ತಿ, ಕೆಳಗಡೆ ಇಡಿ. ಹಿಂದಿನ ಆಕ್ಸಲ್‌ಗಿಂತ ಹಿಂದೆ ಭಾರ ಬಿದ್ದರೆ ಮುಂದಿನ ಗಾಲಿ ಹಗುರವಾಗಿ ಸ್ಟೇರಿಂಗ್ ಹಿಡಿತ ತಪ್ಪುತ್ತದೆ. ಪ್ರತಿಯೊಂದನ್ನೂ ರ‍್ಯಾಚೆಟ್ ಪಟ್ಟಿಯಿಂದ ಬಿಗಿಯಿರಿ.

7. ಮಲಗುವ ವ್ಯವಸ್ಥೆ

ರೂಫ್ ಟಾಪ್ ಟೆಂಟ್‌ನಲ್ಲಿ ಸುಖ ಇದೆ, ಸುಳ್ಳಲ್ಲ. ಆದರೆ 60 ಕೆಜಿ ಮೇಲಕ್ಕೆ ಹೋದರೆ ಘಾಟಿಯ ತಿರುವುಗಳಲ್ಲಿ ಗಾಡಿ ವಾಲುವುದು ಗೊತ್ತಾಗುತ್ತದೆ. ರ‍್ಯಾಕ್‌ಗೆ ಎರಡು ಮಿತಿ ಇರುತ್ತವೆ. ಓಡುವಾಗ ಹೊರುವ ಭಾರ ಒಂದು, ನಿಂತಾಗ ಹೊರುವ ಭಾರ ಇನ್ನೊಂದು. ಟೆಂಟಿನ ತೂಕ ಮೊದಲನೆಯದರ ಒಳಗಿರಬೇಕು. ಇಬ್ಬರು ಮಲಗಿದ ತೂಕ ಸೇರಿ ಎರಡನೆಯದರ ಒಳಗಿರಬೇಕು.

ಇನ್ನೊಂದು, ಮನೆಯಲ್ಲಿ ಟೇಪ್ ಹಿಡಿದು ಅಳೆಯಿರಿ. ಗಾಡಿಯೇ ಸುಮಾರು 1.8 ಮೀಟರ್ ಎತ್ತರ, 5.3 ಮೀಟರ್ ಉದ್ದ. ರ‍್ಯಾಕ್, ಟೆಂಟ್ ಸೇರಿದರೆ ಎಷ್ಟೋ ಅಪಾರ್ಟ್‌ಮೆಂಟುಗಳ ಬೇಸ್‌ಮೆಂಟಿಗೆ ಇಳಿಯುವುದಿಲ್ಲ.

6 ಕೆಜಿಯ ಒಳ್ಳೆಯ ನೆಲದ ಟೆಂಟ್, ದಪ್ಪ ಹಾಸಿಗೆ ನನ್ನ ಮೊದಲ ಆಯ್ಕೆ. ಕ್ಯಾಂಪ್ ಹಾಗೇ ಬಿಟ್ಟು ಹಾಲು ತರಲು ಗಾಡಿ ತೆಗೆದುಕೊಂಡು ಹೋಗಬಹುದು. ಇಂಬಳದ ಕಾಟ ಇರುವ ಮಳೆಗಾಲದಲ್ಲಿ ಮಾತ್ರ ಮೇಲಿನ ಟೆಂಟ್ ನಿಜಕ್ಕೂ ಗೆಲ್ಲುತ್ತದೆ.

8. ಕರೆಂಟ್

ಮೊದಲು ಲೆಕ್ಕ. 40 ಲೀಟರ್ ಕಂಪ್ರೆಸರ್ ಫ್ರಿಜ್ ನಮ್ಮ ಬಿಸಿಲಿಗೆ ದಿನಕ್ಕೆ ಸುಮಾರು 40 ಆಂಪಿಯರ್-ಅವರ್ (ಬ್ಯಾಟರಿಯ ಕರೆಂಟ್ ಅಳೆಯುವ ಲೆಕ್ಕ) ಕುಡಿಯುತ್ತದೆ. ದೀಪ, ಫೋನು, ಲ್ಯಾಪ್‌ಟಾಪ್ ಸೇರಿ ಇನ್ನೊಂದು 15. ಒಟ್ಟು 55. 100 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಇದ್ದರೆ ಚಾರ್ಜ್ ಮಾಡದೆ ಒಂದೂವರೆ ದಿನ ನಡೆಯುತ್ತದೆ. ತೂಕ 13 ಕೆಜಿ ಒಳಗೆ. ಅದೇ ಅಳತೆಯ ಹಳೆಯ ಬಗೆಯ ಲೆಡ್ ಆಸಿಡ್ ಬ್ಯಾಟರಿ ಅದರ ಎರಡು ಪಟ್ಟು ಭಾರ, ಬಾಳಿಕೆ ಬರಬೇಕೆಂದರೆ ಅರ್ಧ ಮಾತ್ರ ಬಳಸಬೇಕು.

ಇದನ್ನು ಚಾರ್ಜ್ ಮಾಡಲು ಡಿಸಿ-ಡಿಸಿ ಚಾರ್ಜರ್ ಬೇಕು. ಈಗಿನ ಎಷ್ಟೋ ಗಾಡಿಗಳಲ್ಲಿ ಡೀಸೆಲ್ ಉಳಿಸಲು, ಇಂಜಿನ್ ತಿರುಗುವಾಗ ಕರೆಂಟ್ ತಯಾರಿಸುವ ಆಲ್ಟರ್ನೇಟರ್‌ನ ವೋಲ್ಟೇಜ್ ಏರಿಳಿಯುತ್ತದೆ. ಈ ಚಾರ್ಜರ್ ಅದನ್ನು ಸಮ ಮಾಡಿ ಎರಡನೇ ಬ್ಯಾಟರಿಗೆ ಕೊಡುತ್ತದೆ. 25 ಆಂಪಿಯರ್‌ನದ್ದಾದರೆ ಎರಡು ಗಂಟೆ ಓಡಿಸಿದರೆ 50 ತುಂಬುತ್ತದೆ, ಹೆಚ್ಚುಕಮ್ಮಿ ಒಂದು ದಿನದ ಖರ್ಚು.

ಬಾನೆಟ್‌ನಿಂದ ತೊಟ್ಟಿಯವರೆಗೆ ಐದು ಮೀಟರ್ ವೈರ್ ಎಳೆಯಬೇಕು. ಇಲ್ಲಿ ಜಿಪುಣತನ ಬೇಡ, 16 ಚದರ ಮಿಲಿಮೀಟರ್ ತಾಮ್ರದ್ದೇ ಹಾಕಿಸಿ. ಮುಂದಿನ ಬ್ಯಾಟರಿಯಿಂದ ಒಂದು ಗೇಣಿನೊಳಗೆ 40 ಆಂಪಿಯರ್ ಫ್ಯೂಸ್ ಇರಲೇಬೇಕು, ಹಿಂದಿನ ಬ್ಯಾಟರಿಗೂ ಇನ್ನೊಂದು. ಫ್ಯೂಸ್ ಇಲ್ಲದ ವೈರ್ ಚಾಸಿಸ್‌ಗೆ ಉಜ್ಜಿ ಸವೆದ ದಿನ ಗಾಡಿಗೆ ಬೆಂಕಿ. ಕಂಪನಿಯ ವೈರನ್ನು ಕತ್ತರಿಸಿ ಟೇಪ್ ಸುತ್ತುವವರ ಹತ್ತಿರ ಈ ಕೆಲಸ ಕೊಡಬೇಡಿ, ವಾರಂಟಿಯೂ ಹೋಗುತ್ತದೆ. ಲಡಾಖ್, ಸ್ಪಿತಿ ಕಡೆ ಹೋಗುವವರು ಗಮನಿಸಿ: ಲಿಥಿಯಂ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಹಾಳಾಗುತ್ತದೆ.

9. ಅಡುಗೆ, ನೀರು, ಬೆಂಕಿ

ಒಬ್ಬರಿಗೆ ದಿನಕ್ಕೆ ಕುಡಿಯಲು, ಅಡುಗೆಗೆ 5 ಲೀಟರ್. ಒಂದೇ ದೊಡ್ಡ ಟ್ಯಾಂಕಿಗಿಂತ 10 ಲೀಟರ್ ಕ್ಯಾನುಗಳು ಮೇಲು, ಒಂದು ಒಡೆದರೂ ಉಳಿದದ್ದು ಇರುತ್ತದೆ. ಮುಚ್ಚಿದ ಕ್ಯಾನಪಿ ಅಥವಾ ಟೆಂಟ್ ಒಳಗೆ ಸ್ಟವ್ ಹಚ್ಚಬೇಡಿ, ಕೆಂಡದ ಬಾಣಲೆಯನ್ನೂ ಇಡಬೇಡಿ. ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ನಿದ್ದೆಯಲ್ಲೇ ಕೊಲ್ಲುತ್ತದೆ. ಎಬಿಸಿ ಪೌಡರ್‌ನ ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವ ಹಾಗೆ ಕ್ಯಾಬಿನ್‌ನಲ್ಲೇ ಇರಲಿ.

ಬಿಎಸ್6 ಡೀಸೆಲ್ ಗಾಡಿಯಲ್ಲಿ ಡಿಪಿಎಫ್ ಅನ್ನುವ ಮಸಿ ಹಿಡಿಯುವ ಜಾಲರಿ ಇದೆ. ಆಗಾಗ ಅದು ತನ್ನೊಳಗಿನ ಮಸಿಯನ್ನು ಸುಟ್ಟುಕೊಳ್ಳುತ್ತದೆ. ಆಗ ಎಕ್ಸಾಸ್ಟ್ ವಿಪರೀತ ಬಿಸಿ. ಫೆಬ್ರುವರಿಯಿಂದ ಮೇ ತನಕ ಒಣ ಹುಲ್ಲಿನ ಮೇಲೆ ಗಾಡಿ ನಿಲ್ಲಿಸಲೇಬೇಡಿ. ಗುಡ್ಡದ ಹುಲ್ಲುಗಾವಲು ಹೊತ್ತಿಕೊಂಡರೆ ಆರಿಸುವುದು ನಿಮ್ಮ ಕೈಯಲ್ಲಿಲ್ಲ.

10. ಎಲ್ಲಿ ಮಲಗಬಹುದು

ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳ ಒಳಗೆ ಹೋಗಲು, ತಂಗಲು 1972ರ ವನ್ಯಜೀವಿ ಕಾಯ್ದೆಯಡಿ ಅನುಮತಿ ಬೇಕು. ಬಂಡೀಪುರದ ದಾರಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ, ಆ ಲೆಕ್ಕದಲ್ಲಿ ಹೊರಡಿ. ಕೊಡಗು, ಸಕಲೇಶಪುರ, ಚಿಕ್ಕಮಗಳೂರಿನಲ್ಲಿ ಎಸ್ಟೇಟ್ ಮಾಲೀಕರನ್ನು ಕೇಳಿ ಅವರ ಜಾಗದಲ್ಲಿ ಹಾಕುವುದೇ ಸರಿ.

ಹಲಸು ಹಣ್ಣಾಗುವ ಕಾಲದಲ್ಲಿ ಹಲಸಿನ ಮರದ ಹತ್ತಿರ ಬೇಡ, ಆನೆ ಬರುತ್ತದೆ. ಅಕ್ಕಿ, ಉಪ್ಪು, ಬಾಳೆಹಣ್ಣು ಟೆಂಟಿನೊಳಗೆ ಇಡಬೇಡಿ. ಹೊಳೆಯ ಪಾತ್ರದಲ್ಲಿ ನೀರಿಲ್ಲ ಅಂತ ಇಳಿಯಬೇಡಿ. ಕಾವೇರಿ, ಶರಾವತಿ, ಕಾಳಿ ಎಲ್ಲದಕ್ಕೂ ಮೇಲೆ ಅಣೆಕಟ್ಟು ಇದೆ, ನೀರು ಬಿಟ್ಟರೆ ಮಟ್ಟ ಬೇಗ ಏರುತ್ತದೆ.

11. ಹೊರಡುವ ಮುನ್ನ ತೂಗಿಸಿ

ಎಲ್ಲ ತುಂಬಿ, ಟ್ಯಾಂಕ್ ಫುಲ್ ಮಾಡಿ, ಮನೆಯವರನ್ನೂ ಕೂರಿಸಿಕೊಂಡು ಎಪಿಎಂಸಿ ಯಾರ್ಡ್ ಹತ್ತಿರದ ವೇ ಬ್ರಿಡ್ಜ್‌ಗೆ ಹೋಗಿ. ಪೂರ್ತಿ ಗಾಡಿ ಒಂದು ಸಲ, ಹಿಂದಿನ ಗಾಲಿಗಳನ್ನು ಮಾತ್ರ ಪ್ಲಾಟ್‌ಫಾರ್ಮ್ ಮೇಲೆ ನಿಲ್ಲಿಸಿ ಇನ್ನೊಂದು ಸಲ ತೂಗಿಸಿ. ಮೊದಲನೇ ಚೀಟಿಯನ್ನು ಆರ್‌ಸಿಯ ಜಿವಿಡಬ್ಲ್ಯು ಜೊತೆ ಹೋಲಿಸಿ. ಎರಡನೆಯದನ್ನು ಹಿಂದಿನ ಆಕ್ಸಲ್‌ನ ಮಿತಿಯ ಜೊತೆ, ಎರಡು ಹಿಂದಿನ ಟೈರುಗಳು ಲೋಡ್ ಇಂಡೆಕ್ಸ್ ಪ್ರಕಾರ ಹೊರುವ ಕೆಜಿಗಳ ಮೊತ್ತದ ಜೊತೆ ಹೋಲಿಸಿ. ಮಿತಿ ದಾಟಿದ್ದರೆ ಮನೆಗೆ ಬಂದು ಇಳಿಸಿ. ಮೊದಲು ಇಳಿಯಬೇಕಾದ್ದು ಮೇಲಿನ ಟೆಂಟ್, ಆಮೇಲೆ ಡ್ರಾಯರ್. ನೀರು ಮತ್ತು ಎಳೆಯುವ ಸಾಮಗ್ರಿ ಕೊನೆಗೂ ಗಾಡಿಯಲ್ಲೇ ಇರಲಿ.

ಮೊದಲ ರಾತ್ರಿ ಮನೆಯಿಂದ ನೂರು ಕಿಲೋಮೀಟರ್ ಒಳಗೆ ಕಳೆಯಿರಿ. ಮಾರನೇ ದಿನ ಗಾಲಿಯ ನಟ್ಟು, ರ‍್ಯಾಕ್ ಮತ್ತು ಕ್ಯಾನಪಿಯ ಬೋಲ್ಟುಗಳನ್ನು ಪಾನಾ ಹಿಡಿದು ಒಂದೊಂದಾಗಿ ಬಿಗಿ ನೋಡಿ, ಹೊಸದಾಗಿ ಕೂರಿಸಿದವು ಮೊದಲ ಓಟದಲ್ಲೇ ಸಡಿಲವಾಗುತ್ತವೆ.